ಕೇಕಿನ ಮ್ಯಾಲ ಚಿತ್ರ ಬರಿಯೂದಕ್ಕ ಮೊದಲ ಹಾಳಿ ಒಣಗಸ್ರಿ

ಕೇಕಿಗೆ ಕ್ರೀಮ್ ಹಚ್ಚಿ ಇನ್ನೂ ಕೈ ತೊಳದಿರೂದಿಲ್ಲ, ಈಗಿನ ಹುಡುಗ್ಯಾರು ಬಣ್ಣದ ಬ್ರಶ್ ಹಿಡಕೊಂಡು ಕುಂತಬಿಡತಾರ. ಹಸಿ ಕ್ರೀಮಿನ ಮ್ಯಾಲ ನೀರಿನ ಬಣ್ಣ ಎಲ್ಲಿ ನಿಲ್ಲತೈತ್ರಿ? ನವಿಲಿನ ನೀಲಿ ಹರದು ಹಸರಿಗೆ ಕೂಡತೈತಿ, ಕಣ್ಣಿನ ಕಪ್ಪು ಕೊಕ್ಕಿನ ತನಕಾ ಇಳಿತೈತಿ. ಆಮ್ಯಾಲ ಬಣ್ಣಾ ಚೊಲೊ ಇರಲಿಲ್ಲಂತ ಅಂಗಡಿಯವಗ ಬೈತಾರ. ತಪ್ಪು ಅವಸರದ್ದು. ಚಿತ್ರಾ ಬ್ಯಾರೆ ಸಕ್ಕರಿ ಹಾಳಿ ಮ್ಯಾಲ ಬರೀಬೇಕು, ಆ ಹಾಳಿ ಕಟಕಟಿ ಒಣಗಿರಬೇಕು, ಕೇಕಿನ ಮ್ಯಾಲ ಅದನ್ನ ಕಡೀಕ ಇಡಬೇಕು. ಕೇಕ್ ಬೇಯಸೂದು ನಿಮಗ ಬರತೈತಿ, ಅದನ್ನ ಇಲ್ಲಿ ಹೇಳಂಗಿಲ್ಲ.

ಹಾಳಿಗೆ ಬಿಳಿ ಫಾಂಡಂಟ್, ಅಂದ್ರ ಕಣಕಧಂಗ ನಾದೂ ಸಕ್ಕರಿ ಹಿಟ್ಟು, ಬೇಕು. ಮನ್ಯಾಗ ಮಾಂಸ ಮುಟ್ಟದವರಿದ್ರ ಡಬ್ಬಿ ಮ್ಯಾಲಿನ ಅಕ್ಷರ ಓದಿ ತೊಗೋರಿ. ಕೆಲವು ಫಾಂಡಂಟಿನ್ಯಾಗ ಜೆಲಟಿನ್ ಇರತೈತಿ, ಅದು ದನದ್ದೋ ಹಂದೀದೋ ತೊಗಲು ಎಲುಬಿನಿಂದ ತೆಗೆದದ್ದು. ಕಡಲ ಪಾಚೀಲೆ ಮಾಡಿದ ಅಗರ್ ಅಗರ್ ಹಾಕಿದ್ದೂ ಸಿಗತೈತಿ, ಅದ ಸಾಕು. ಬರೇ ಫಾಂಡಂಟ್ ಎಷ್ಟ ಒಣಗಿಸಿದ್ರೂ ನಡುವ ಮೆತ್ತಗ ಉಳಿತೈತಿ. ಅದಕ್ಕ ಪಾವು ಕಿಲೋಕ್ಕ ಒಂದು ಸಣ್ಣ ಚಮಚೆ ಸಿಎಂಸಿ ಪುಡಿ (ಫಾಂಡಂಟ್ ಗಟ್ಟಿ ಮಾಡೂ, ತಿನ್ನೂ ಅಂಟಿನ ಪುಡಿ) ಹಾಕಿ ನಾದ್ರಿ, ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಅರ್ಧ ತಾಸು ಬಿಡ್ರಿ. ಬೇಕರಿ ಸಾಮಾನಿನ ಅಂಗಡ್ಯಾಗ ಕೇಳಿದ್ರ ಕೊಡತಾರ. ನಾದುವಾಗ ಕೈಗೆ ತುಪ್ಪಾ ಎಣ್ಣಿ ಹಚ್ಚಬ್ಯಾಡ್ರಿ. ಜಿಡ್ಡಿನ ಮ್ಯಾಲ ಬಣ್ಣಾ ಕೂಡೂದಿಲ್ಲ, ಗುಂಡ ಗುಂಡ ಹನಿಯಾಗಿ ನಿಲ್ಲತೈತಿ. ಮಣಿ ಮ್ಯಾಲ ಕಾರ್ನ್‌ಫ್ಲೋರ್ ಉದರಿಸಿ 3 ಮಿಲಿಮೀಟರ್ ದಪ್ಪ ಲಟ್ಟಿಸ್ರಿ. ಅದಕ್ಕಿಂತ ತೆಳ್ಳಗಾದ್ರ ಎತ್ತುವಾಗ ಮುರೀತೈತಿ. ಹಸಿ ಇದ್ದಾಗನ ಬೇಕಾದ ಆಕಾರಕ್ಕ ಕೊಯ್ದು, ದಂಡೀನ ಬೆರಳಿಲೆ ಸವರಿ ನುಣುಪು ಮಾಡ್ರಿ.

ಇನ್ನ ಒಣಗಸೂದು. ಎಲ್ಲಾರೂ ಕೆಡಸೂದು ಇಲ್ಲೇ. ಹಾಳೀನ ತಾಟಿನ್ಯಾಗ ಒಗದು ಮರುದಿನ ನೋಡಿದ್ರ ಮ್ಯಾಲ ಒಣಗಿರತೈತಿ, ಕೆಳಗ ಹಸಿ ಉಳದಿರತೈತಿ, ದಂಡಿ ಮ್ಯಾಕ್ಕ ಎದ್ದು ದೋಣಿ ಆಗಿರತೈತಿ. ಸಪಾಟ ಹಲಗಿ ತೊಗೋರಿ, ಬಟರ್ ಪೇಪರ್ ಹಾಸಿ ಕಾರ್ನ್‌ಫ್ಲೋರ್ ತೆಳ್ಳಗ ಉದರಿಸಿ ಹಾಳಿ ಇಡ್ರಿ. ನಾಕೈದು ತಾಸಿಗೆ ಮ್ಯಾಲಿನ ಮೈ ಚರ್ಮ ಕಟ್ಟತೈತಿ. ಆಗ ಇನ್ನೊಂದು ಪೇಪರ್, ಇನ್ನೊಂದು ಹಲಗಿ ಮ್ಯಾಲಿಟ್ಟು ಎರಡೂ ಕೈಲೆ ಹಿಡದು ಒಮ್ಮಿಗೆ ತಿರುವ್ರಿ. ಬೆರಳಿಲೆ ಎತ್ತಿ ತಿರುವಿದ್ರ ಸೊಟ್ಟಾಗತೈತಿ, ಒಣಗಿದ ಮ್ಯಾಲ ಆ ಸೊಟ್ಟ ಸರಿಯಾಗೂದಿಲ್ಲ. ಮುಂಜಾನೆ ಸಂಜೀಕ ಒಮ್ಮೊಮ್ಮೆ ತಿರುವಕೋತ ಹೋಗ್ರಿ. ಬ್ಯಾಸಗ್ಯಾಗ ಬಾಗಲಕೋಟಿ, ವಿಜಯಪುರ ಕಡೆ ಒಂದು ಹಗಲು ಒಂದು ರಾತ್ರಿ ಸಾಕು. ಬೆಳಗಾಂವದ ಮಳಿಗಾಲದಾಗ ಮೂರು ದಿನಾ ಬೇಕು, ಅದೂ ಫ್ಯಾನ್ ಹಚ್ಚಿ. ಉಗುರಿಲೆ ಬಡದ್ರ ಟಕ್ ಅನ್ನಬೇಕು. ದಪ್ ಅಂತ ಸಪ್ಪಳಾದ್ರ ಇನ್ನೂ ಹಸಿ ಐತಿ, ಮುಟ್ಟಬ್ಯಾಡ್ರಿ. ಹಿಂದಕ ಗೌರಿ ಹುಣ್ಣಿಮಿಗೆ ಮನಿ ಮನ್ಯಾಗ ಸಕ್ಕರಿ ಆರತಿ ಎರಿತಿದ್ರು. ಕಟಗಿ ಅಚ್ಚು ನೀರಾಗ ನೆನಸಿಟ್ಟು, ಪಾಕ ಹೊಯ್ದ ಮ್ಯಾಲ ಅದು ಗಟ್ಟಿಯಾಗೂತನಕಾ ಹುಡುಗ್ರನ್ನ ಒಲಿ ಹತ್ರ ಬಿಡತಿರಲಿಲ್ಲ. ಸಕ್ಕರಿ ಕೆಲಸಕ್ಕ ಆ ತಾಳ್ಮಿ ಈಗೂ ಬೇಕು.

ಬಿಸಲಿಗೆ ಮಾತ್ರ ಇಡಬ್ಯಾಡ್ರಿ, ಸೀಳತೈತಿ. ಬಿಸಲು ಶಂಡಿಗಿಗೆ.

ಬಣ್ಣದ ವಿಷಯಕ್ಕ ಭಾಳ ಎಚ್ಚರ ಇರ್ರಿ. ಮಿಂಚೂ ಪುಡಿ ಡಬ್ಬಿ ಮ್ಯಾಲ ನಾನ್ ಟಾಕ್ಸಿಕ್ ಅಂತ ಬರದಿದ್ರ ಅದು ತಿನ್ನೂದು ಅಂತಲ್ಲ. ಎಡಿಬಲ್ ಅಂತ ಬರದಿರಬೇಕು, ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐದ ಪರವಾನಗಿ ನಂಬರ್ ಇರಬೇಕು. ಸಂತ್ಯಾಗಿನ ಬಿಡಿ ಬಣ್ಣ, ರಂಗೋಲಿ ಬಣ್ಣ ಅಡಗಿ ಮನಿ ಹೊರಗ ಇರಲಿ. 2024ರ ಮಾರ್ಚ್ ತಿಂಗಳದಾಗ ನಮ್ಮ ಸರ್ಕಾರ ಬಣ್ಣದ ಬಾಂಬೆ ಮಿಠಾಯಿ ನಿಲ್ಲಿಸಿದ್ದು ಅದರಾಗ ರೊಡಮೈನ್-ಬಿ ಸಿಕ್ಕಿದ್ದಕ್ಕ, ಅದು ಬಟ್ಟಿಗೆ ಹಾಕೂ ಬಣ್ಣ. ಬ್ರಶ್ಶೂ ಹೊಸಾವ ಇರಬೇಕು, ಶಾಲಿ ಹುಡುಗ್ರ ಡಬ್ಬ್ಯಾಗಿನವು ಬ್ಯಾಡ. ಸೊನ್ನಿ ನಂಬರಿನದೊಂದು, ಎರಡು ನಂಬರಿನದೊಂದು, ತುಂಬೂದಕ್ಕ ಚಪ್ಪಟೀದೊಂದು ಇದ್ರ ಆತು.

ಜೆಲ್ ಬಣ್ಣದಾಗ ಗ್ಲಿಸರಿನ್ ಇರತೈತಿ, ಲಗೂನ ಆರೂದಿಲ್ಲ. ಪುಡಿ ಬಣ್ಣ ಚೊಲೊ. ಪ್ಯಾಟಿ ಮಂದಿ ಅದನ್ನ ವೋಡ್ಕಾದಾಗ ಕಲಸತಾರ, ಅದು ಹಾರಿಹೋಗತೈತಿ, ಸಕ್ಕರೀನೂ ನೀರಿನಷ್ಟ ಕರಗಸೂದಿಲ್ಲ. ಅದು ಬ್ಯಾಡನ್ನೂ ಮನ್ಯಾಗ ಕುದಿಸಿ ಆರಿಸಿದ ನೀರು ನಡಿತೈತಿ, ಆದ್ರ ಹಾಳಿ ಪೂರಾ ಒಣಗಿದ್ರ ಮಾತ್ರ. ಬ್ರಶ್ ಅದ್ದಿ, ಒಣ ಅರಿವಿಗೆ ಎರಡು ಸಲಾ ಒರಸಿ, ಅಂಗೈ ಹಿಂದ ಒಂದು ಗೆರಿ ಎಳದು ನೋಡ್ರಿ. ಗೆರಿ ಹೊಳದ್ರ ನೀರು ಹೆಚ್ಚಾಗೈತಿ, ಇನ್ನೊಮ್ಮೆ ಒರಸ್ರಿ. ಹಾಳಿ ಮ್ಯಾಲಿನ ಕಾರ್ನ್‌ಫ್ಲೋರ್ ಮೊದಲ ಒಣ ಬ್ರಶ್ಶಿಲೆ ಝಾಡಿಸ್ರಿ, ಇಲ್ಲಂದ್ರ ಬಣ್ಣಾ ಮಬ್ಬಾಗಿ ಕಾಣತೈತಿ. ಮೊದಲ ತಿಳಿ ಬಣ್ಣ, ಆಮ್ಯಾಲ ಗಾಢ. ಕುಸುರೆಳ್ಳಿಗೆ ಪಾಕ ಹಾಕಿಧಂಗ, ಒಂದು ಪದರ ಆರಿದ ಮ್ಯಾಲನ ಇನ್ನೊಂದು. ನಡುವ ಕಾಲ್ ತಾಸು ಬಿಡ್ರಿ. ಕೆಂಪು, ಕಪ್ಪು ದಪ್ಪ ಬಳದ್ರ ಕಹಿ ಬರತೈತಿ, ನಾಲಿಗೀಗೂ ಹತ್ತತೈತಿ. ಬಿಳಿ ಬೇಕಾದಲ್ಲಿ ಬಣ್ಣಾ ಹಚ್ಚದ ಬಿಟ್ಟಬಿಡ್ರಿ, ಹಾಳೀನ ಬೆಳ್ಳಗೈತಿ.

ಹೊಸದಾಗಿ ಕಲಿಯಾವರು ಗುಲಾಬಿ ಹೂವಿಗೆ ಕೈ ಹಾಕಬ್ಯಾಡ್ರಿ. ಕಸೂತಿ ತೊಗೋರಿ. ಗೋಪುರ, ತುಳಸಿ ಕಟ್ಟಿ, ಅಂಬಾರಿ ಆನಿ, ಎಲ್ಲಾ ಅಡ್ಡ, ಉದ್ದ, ಓರಿ ಗೆರಿಗಳ. ಸಣ್ಣ ಸಣ್ಣ ಗೆರಿಗೆ ಕೈ ನಡುಗೂದಿಲ್ಲ. ಇಳಕಲ್ ಸೀರಿ ಸೆರಗಿನ ತೆನಿ ಕೆಂಪು ಬಿಳುಪಿನ್ಯಾಗ ಭಾಳ ಛಂದ ಕೂಡತೈತಿ. ಒಂದ ಬಣ್ಣದಾಗ ಬರೀಬೇಕಂದ್ರ ಇನ್‌ಸ್ಟಂಟ್ ಕಾಫಿ ಪುಡೀನ ನಾಕು ಹನಿ ಬಿಸಿನೀರಾಗ ಕಲಸಿ ಆರಿಸ್ರಿ. ತೆಳುವು, ನಡುವಿಂದು, ಗಟ್ಟಿ, ಮೂರು ಬಟ್ಟಲ ಮಾಡಿಕೊಂಡ್ರ ಗೋಲಗುಮ್ಮಟ ಬರೀಬಹುದು. ಮೂಲಿ ಮಿನಾರಕ್ಕ ಏಳು ಅಂತಸ್ತು, ಗುಮ್ಮಟದ ಬುಡಕ್ಕ ಕಮಲದ ಎಸಳು. ಎಸಳು ಬಿಟ್ಟು ಬರೇ ಅರ್ಧ ಚೆಂಡು ಬರದ್ರ ಅದು ಯಾವ ಊರಿನ ಗುಮ್ಮಟಾನೂ ಆಗೂದಿಲ್ಲ.

ನಕಾಶಿ ಇಳಸೂದಕ್ಕ ಪೆನ್ಸಿಲ್ ಹಾಳಿಗೆ ಮುಟ್ಟಸಬ್ಯಾಡ್ರಿ. ಬಟರ್ ಪೇಪರಿನ ಮ್ಯಾಲ ಬರದು, ಬರದ ಮೈ ಮ್ಯಾಕ್ಕ ಮಾಡಿ ಇಟ್ಟು, ಸ್ವಚ್ಛ ಸೂಜೀಲೆ ಗೆರಿಗುಂಟ ಚುಚ್ಚಕೋತ ಹೋಗ್ರಿ. ಚುಕ್ಕಿ ಬಿದ್ರ ಸಾಕು, ತೂತ ಬ್ಯಾಡ. ಹಾಳಿ ಎರಡೂ ಬಾಜೂಕ ಎರಡು ಡಬ್ಬಿ ಇಟ್ಟು ಪಟ್ಟಿ ಅಡ್ಡ ಹಾಕಿ ಮಣಿಕಟ್ಟು ಅದರ ಮ್ಯಾಲ ಊರಿದ್ರ ಬರದದ್ದು ಒರಸಿಹೋಗೂದಿಲ್ಲ. ಗೆರಿ ತಪ್ಪಿದ್ರ ಹಸಿ ಹತ್ತಿ ಕಡ್ಡಿ ಒಮ್ಮೆ ಒತ್ತಿ ಎತ್ತಿ, ಟಿಶ್ಯೂಲೆ ಒತ್ತಿ ಒಣಗಸ್ರಿ. ತಿಕ್ಕಿದ್ರ ಅಲ್ಲಿ ಕುಣಿ ಬೀಳತೈತಿ.

ಬರದ ಮ್ಯಾಲ ಒಂದು ರಾತ್ರಿ ಆರಲಿ. ಕ್ರೀಮ್ ಕೇಕಿಗೆ ಇಡಾವರಿದ್ರ ಹಾಳಿ ಹಿಂದಿನ ಮೈಗೆ ಕರಗಿಸಿದ ಬಿಳಿ ಚಾಕಲೇಟ್ ಒಂದು ಕೈ ಹಚ್ಚಿ ಗಟ್ಟಿಯಾಗಾಕ ಬಿಡ್ರಿ, ಕ್ರೀಮಿನ ಪಸಿ ಮ್ಯಾಲ ಏರೂದಿಲ್ಲ. ಹಾಳಿ ಇಟ್ಟ ಕೇಕನ್ನ ಫ್ರಿಜ್‌ನ್ಯಾಗ ಇಡಬ್ಯಾಡ್ರಿ. ಹೊರಗ ತಗದ ಕೂಡಲೇ ಬೆವತು ಅಷ್ಟೂ ಬಣ್ಣಾ ಹರಿತೈತಿ. ಬರೇ ಕೇಕ್ ಫ್ರಿಜ್‌ನ್ಯಾಗ ಇರಲಿ, ಕೊಯ್ಯೂದಕ್ಕ ಅರ್ಧ ತಾಸು ಮೊದಲ ಹಾಳಿ ಇಡ್ರಿ. ಕೊಯ್ಯುವಾಗ ಅದನ್ನ ಅಗಲ ಚಾಕೂಲೆ ಎತ್ತಿ ಬಾಜೂಕ ಇಡ್ರಿ. ಅದರ ಮ್ಯಾಲ ಚಾಕು ಒತ್ತಿದ್ರ ಹಾಳಿ ಒಡದು ಕೆಳಗಿನ ಕೇಕೂ ಕುಸೀತೈತಿ.