ಬಿತ್ತನೆ ಭತ್ತ: ಲೇಪನ ಆಮೇಲೆ, ಒಣಗಿಸುವುದು ಮೊದಲು

ಕರಾವಳಿಯಲ್ಲಿ ಏಣೆಲು, ಅಂದರೆ ಮುಂಗಾರು ಬೆಳೆಯ ಭತ್ತದ ಕೊಯ್ಲು ಅಕ್ಟೋಬರ್ ಹೊತ್ತಿಗೆ. ಅದೇ ಬೀಜ ಸಸಿಮಡಿಗೆ ಬೀಳುವುದು ಜೂನ್‌ನಲ್ಲಿ. ಈ ಏಳೆಂಟು ತಿಂಗಳೂ ಬೀಜ ಉಸಿರಾಡುತ್ತಲೇ ಇರುತ್ತದೆ. ತೇವ, ಸೆಕೆ ಹೆಚ್ಚಿದಷ್ಟೂ ಬೇಗ ಸೊರಗುತ್ತದೆ. ಹಾಗೆ ಹೋದ ಕಸುವು ಬಿತ್ತುವ ಹೊತ್ತಿಗೆ ಏನು ಹಚ್ಚಿದರೂ ಮರಳುವುದಿಲ್ಲ.

ಒಣಗಿಸಿ

ಟಾರ್ಪಾಲಿನ್ ಮೇಲೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ. ನಡುಮಧ್ಯಾಹ್ನದ ಉರಿಬಿಸಿಲು ಬೇಡ. ಗೋಣಿಚೀಲದಲ್ಲಿ ಇಡುವುದಾದರೆ ತೇವಾಂಶ ಶೇ 13ಕ್ಕಿಂತ ಹೆಚ್ಚಿರಕೂಡದು. ಗಾಳಿಯಾಡದ ಡಬ್ಬಿಗೆ ಶೇ 8ರವರೆಗೆ ಇಳಿಸಬೇಕು. ಮೀಟರ್ ಇಲ್ಲವೆ? ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಭತ್ತ, ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಭತ್ತ ಇನ್ನೂ ಹಸಿ. ಅಂಟಲಿಲ್ಲವೆಂದು ಬೀಗಬೇಡಿ, ಇನ್ನೆರಡು ಬಿಸಿಲು ಕೊಡಿ. ಚೀಲ ಕಟ್ಟುವ ಮುಂಚೆ ಬೀಜದ ಬಿಸಿ ಪೂರ್ತಿ ಆರಲಿ.

ಇಡುವ ಜಾಗ

ಒಂದು ವರ್ಷ ನಾನು ಚೀಲವನ್ನು ಸಿಮೆಂಟ್ ನೆಲದ ಮೇಲೆ ಗೋಡೆಗೆ ಒರಗಿಸಿಟ್ಟಿದ್ದೆ. ಮೇಲಿನ ಭತ್ತ ಚೆನ್ನಾಗಿಯೇ ಮೊಳೆಯಿತು. ತಳದ್ದು ಮುಗ್ಗಲು ವಾಸನೆ ಹೊಡೆದು, ಕಾಳಿನ ತುದಿ ಕಪ್ಪಾಗಿತ್ತು. ಚೀಲದಡಿ ಮರದ ಹಲಗೆ ಇರಲಿ, ಗೋಡೆಯಿಂದ ಒಂದಡಿ ದೂರವಿರಲಿ, ಪಕ್ಕದಲ್ಲಿ ಗೊಬ್ಬರದ ಚೀಲ ಬೇಡ. ಹಿಂದಿನವರು ಬೀಜವನ್ನು ಒಣಹುಲ್ಲಿನ ಮುಡಿ ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ಏರಿಸುತ್ತಿದ್ದುದು ಸುಮ್ಮನೆ ಅಲ್ಲ. ಒಲೆಯ ಬಿಸಿ ತೇವ ಎಳೆಯುತ್ತಿತ್ತು, ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಅಟ್ಟವಿದ್ದರೂ ಆ ಲಾಭವಿಲ್ಲ.

ಮೊಳಕೆ ನೋಡಿ

ಮೇ ತಿಂಗಳಲ್ಲಿ ಚೀಲದ ಮೇಲೆ, ನಡು, ತಳ ಮೂರೂ ಕಡೆಯಿಂದ ಬೀಜ ತೆಗೆದು, ಬೆರೆಸಿ, 100 ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 80 ಮೊಳೆತರೆ ಪ್ರಮಾಣಿತ ಬೀಜದ ಮಟ್ಟ ಮುಟ್ಟಿದಂತೆ. ಆದರೆ ನಾನು ಎಣಿಕೆಗಿಂತ ಮೊಳಕೆಯ ಓಟ ನೋಡುತ್ತೇನೆ: ಹೆಚ್ಚಿನವು ಒಟ್ಟಿಗೇ ಒಡೆದರೆ ಕಸುವಿದೆ, ಇವತ್ತು ನಾಲ್ಕು, ನಾಡಿದ್ದು ಆರು ಎಂದು ತೆವಳಿದರೆ ಸಸಿಮಡಿಯೂ ಹಾಗೆಯೇ ಹಳ್ಳದಿಣ್ಣೆಯಾಗುತ್ತದೆ.

ಕೊನೆಗೆ ಉಪಚಾರ

ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕದಡಿದ ನೀರಿಗೆ ಭತ್ತ ಸುರಿದು, ತೇಲಿದ ಜೊಳ್ಳು ತೆಗೆಯಿರಿ. ಮುಳುಗಿದ ಬೀಜವನ್ನು ಸಿಹಿನೀರಲ್ಲಿ ಎರಡು ಸಲ ತೊಳೆಯಿರಿ. ಬೆಂಕಿರೋಗದ (ಎಲೆ ಸುಟ್ಟಂತಾಗುವ ಶಿಲೀಂಧ್ರ ರೋಗ) ಭಯವಿದ್ದರೆ ಕಿಲೋ ಬೀಜಕ್ಕೆ ಒಂದು ಲೀಟರ್ ನೀರು, ಅದರಲ್ಲಿ 2 ಗ್ರಾಂ ಕಾರ್ಬೆಂಡಜಿಮ್. ಹತ್ತು ಗಂಟೆ ನೆನೆಸಿ ನೀರು ಬಸಿಯಿರಿ. ಇಲ್ಲವೇ 10 ಗ್ರಾಂ ಸುಡೊಮೊನಾಸ್. ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದು ಶಿಲೀಂಧ್ರನಾಶಕ ರಾಸಾಯನಿಕ, ಇನ್ನೊಂದು ಜೀವಾಣು.

ಅಂಗಡಿಯ ಬೀಜಕ್ಕೆ ಬಳಿದಿರುವ ಗುಲಾಬಿ, ಕೆಂಪು ಪಾಲಿಮರ್ ಪದರ ಔಷಧಿ ಉದುರದಂತೆ ಹಿಡಿದಿಡುತ್ತದೆ, ಅಷ್ಟೇ. ಬಣ್ಣಕ್ಕೆ ಮರುಳಾಗದೆ ಚೀಲದ ಚೀಟಿಯಲ್ಲಿ ಪರೀಕ್ಷೆಯ ದಿನಾಂಕ ಓದಿ. ಬಿತ್ತಿ ಉಳಿದದ್ದನ್ನು ಕೋಳಿಗೆ ಹಾಕುವಂತಿಲ್ಲ, ಅಕ್ಕಿ ಮಾಡಿಸುವಂತೆಯೂ ಇಲ್ಲ.