ಕಾಲೇಜು ರೇಡಿಯೋದಲ್ಲಿ ವಾರಕ್ಕೊಂದು ವಿಜ್ಞಾನ ಮಾತುಕತೆ: ಹಾಸನದ ತಂಡಗಳಿಗೆ

ಅರ್ಧ ಗಂಟೆಗೆ ಒಂದೇ ಪ್ರಶ್ನೆ ಸಾಕು. ‘ಬಾಹ್ಯಾಕಾಶ’ ಅಂತ ವಿಷಯ ಇಟ್ಟುಕೊಂಡರೆ ಮಾತು ಎಲ್ಲೆಲ್ಲೋ ಹರಿದು ಹೋಗುತ್ತದೆ. ‘ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಹೊರಟ ಆದೇಶ ಉಪಗ್ರಹ ಮುಟ್ಟಲು ಎಷ್ಟು ಹೊತ್ತು ಬೇಕು?’ ಎಂದು ಕೇಳಿ. ಭೂಮಿ ತಿರುಗುವ ಲಯಕ್ಕೇ ಸುತ್ತುವ ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂದರೆ ಹೋಗಲು 0.12 ಸೆಕೆಂಡು, ಬರಲು ಮತ್ತಷ್ಟು. ಈ ಒಂದು ಲೆಕ್ಕ ಹಿಡಿದುಕೊಂಡೇ ಆ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಯಾಕೆ ಕಾಣುತ್ತದೆ ಎಂಬಲ್ಲಿಗೆ ಹೋಗಬಹುದು.

ವಿಷಯಗಳನ್ನು ಹಂಗಾಮು ನೋಡಿ ಹಂಚಿಕೊಳ್ಳಿ. ‘ಮೋಡ ಕವಿದ ವಾರದಲ್ಲೇ ಆಲೂಗೆಡ್ಡೆಗೆ ಅಂಗಮಾರಿ ರೋಗ ಯಾಕೆ ಹಬ್ಬುತ್ತದೆ?’ ಎಂಬುದಕ್ಕೆ ಜೂನ್‌ನಲ್ಲಿ ಕಿವಿಗಳು ಸಿಗುತ್ತವೆ, ಜನವರಿಯಲ್ಲಿ ಸಿಗುವುದಿಲ್ಲ. ಕಾಫಿಯ ಬಿಳಿ ಕಾಂಡಕೊರಕದ ಬಗ್ಗೆ ಮಾತಾಡುವುದಾದರೆ ಅದರ ದುಂಬಿ ಹಾರಾಡುವ ಏಪ್ರಿಲ್–ಮೇ ಅಥವಾ ಅಕ್ಟೋಬರ್ ನಂತರದ ತಿಂಗಳು ಸರಿ.

ಕಾರ್ಯಕ್ರಮ ಕೆಡುವುದು ಹೆಚ್ಚಾಗಿ ಸ್ಟುಡಿಯೋದಲ್ಲಲ್ಲ, ಅದಕ್ಕಿಂತ ಮೊದಲೇ. ಅತಿಥಿಗೆ ಪ್ರಶ್ನೆಗಳ ಪಟ್ಟಿ ಕಳಿಸಬೇಡಿ. ಕಳಿಸಿದರೆ ಅವರು ಉತ್ತರ ಬರೆದುಕೊಂಡು ಬಂದು ಓದುತ್ತಾರೆ, ಓದಿದ ಮಾತು ಪಾಠದ ಹಾಗೆ ಕೇಳಿಸುತ್ತದೆ. ಎರಡು ದಿನ ಮುಂಚೆ ಫೋನಿನಲ್ಲಿ ಕಾಲು ಗಂಟೆ ಮಾತಾಡಿ, ಯಾವ ಸಂಗತಿ ಬಂದಾಗ ಅವರ ದನಿಗೆ ಹುರುಪು ಬರುತ್ತದೆ ಎಂದು ಗಮನಿಸಿ, ಮೂರು ತಲೆಬರಹ ಮಾತ್ರ ಕೊಡಿ. ಆ ಕರೆಯಲ್ಲೇ ತಪ್ಪಾಗಬಹುದಾದ ಅಂಶಗಳನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ, ಆಲೂಗೆಡ್ಡೆ ಅಂಗಮಾರಿಗೆ ಕಾರಣವಾದ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಅದರಂತೆ ಕಾಣುವ ಬೇರೆಯೇ ಗುಂಪಿನ ಜೀವಿ. ನಿರೂಪಕರಿಗೆ ಇದು ಗೊತ್ತಿರದಿದ್ದರೆ ತಪ್ಪು ಗಾಳಿಯಲ್ಲಿ ಹೋಗಿಬಿಡುತ್ತದೆ, ಕೇಳಿದವರೆಲ್ಲರ ಹತ್ತಿರ ಅದನ್ನು ತಿದ್ದಲು ಆಗುವುದಿಲ್ಲ.

ರೆಕಾರ್ಡಿಂಗ್‌ಗೆ ತಲೆಗೊಂದು ಡೈನಮಿಕ್ ಮೈಕ್ ಇರಲಿ. ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಕೋಣೆಯ ಪ್ರತಿಧ್ವನಿಯನ್ನೂ ಕಾರಿಡಾರಿನ ಗಲಾಟೆಯನ್ನೂ ಹೆಚ್ಚು ಎಳೆದುಕೊಳ್ಳುತ್ತದೆ, ಮಳೆಗಾಲದ ತೇವಕ್ಕೆ ಚರಚರ ಎನ್ನಲೂಬಹುದು. ಬಾಯಿಂದ ಮೈಕಿಗೆ 10–15 ಸೆಂ.ಮೀ. ಇಟ್ಟು ತುಸು ಓರೆಯಾಗಿಸಿ. ನೇರ ಇಟ್ಟರೆ ಪ, ಫ, ಬ, ಭ ಅಕ್ಷರಗಳು ಗುದ್ದುತ್ತವೆ. ಎರಡು ಮೈಕುಗಳ ನಡುವಿನ ದೂರ ಬಾಯಿ–ಮೈಕ್ ದೂರದ ಮೂರು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಒಬ್ಬರ ದನಿ ಎರಡರಲ್ಲೂ ಬಿದ್ದು ಟೊಳ್ಳಾಗಿ ಕೇಳಿಸುತ್ತದೆ. ರೆಕಾರ್ಡರಿನ ಮೀಟರಿನಲ್ಲಿ ದನಿಯ ಮಟ್ಟದ ಶಿಖರ −12ರಿಂದ −6 ಡೆಸಿಬಲ್ ಒಳಗಿರಲಿ. 0 ದಾಟಿ ಒಡೆದ ದನಿಯನ್ನು ಎಡಿಟಿಂಗ್‌ನಲ್ಲಿ ಮೊದಲಿನಂತೆ ಮಾಡಲಾಗದು. 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್ ಆದರೆ ಒಂದು ಮೈಕಿಗೆ ಗಂಟೆಗೆ ಸುಮಾರು 520 ಎಂ.ಬಿ. ಜಾಗ ಬೇಕು. ಕೊನೆಗೆ ಎಲ್ಲರೂ ಸುಮ್ಮನೆ ಕೂತು 30 ಸೆಕೆಂಡು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಜಾಗಕ್ಕೆ ಅದೇ ತೇಪೆ.

ಶೀಟಿನ ಮಾಡಿನ ಮೇಲೆ ಮಳೆ ಬೀಳುತ್ತಿದ್ದರೆ ರೆಕಾರ್ಡಿಂಗ್ ನಿಲ್ಲಿಸಿ. ಮಳೆಯ ಸದ್ದು ಮಾತಿನ ಆವರ್ತಗಳ ಮೇಲೆಲ್ಲ ಹರಡಿಕೊಳ್ಳುವುದರಿಂದ ಅದನ್ನು ತೆಗೆಯಲು ಹೋದರೆ ಮಾತೇ ಸವೆಯುತ್ತದೆ.

ಫೋನಿನಲ್ಲಿ ಅತಿಥಿ ಇದ್ದರೆ ಅವರಿಗೆ ಅವರದೇ ದನಿ ಮರಳಿ ಹೋಗಬಾರದು. ಮಿಕ್ಸರಿನ ಆಕ್ಸ್ ಔಟ್‌ನಿಂದ, ಅಂದರೆ ಬೇಕಾದ ದನಿಗಳನ್ನಷ್ಟೇ ಬೇರೆಯಾಗಿ ಹೊರಗೆ ಕಳಿಸುವ ದಾರಿಯಿಂದ, ಫೋನಿಗೆ ಕಳಿಸಿ, ಫೋನ್ ಚಾನೆಲ್ಲಿನ ಆಕ್ಸ್ ಗುಂಡಿಯನ್ನು ಮಾತ್ರ ಸೊನ್ನೆಗೆ ತಿರುಗಿಸಿ. ಇದನ್ನೇ ಮಿಕ್ಸ್–ಮೈನಸ್ ಅನ್ನುವುದು. ಮರೆತರೆ ಅವರ ಮಾತು ತಡವಾಗಿ ಅವರಿಗೇ ಕೇಳಿಸಿ, ವಾಕ್ಯ ವಾಕ್ಯಕ್ಕೂ ತಡವರಿಸುತ್ತಾರೆ. ಕೇಳುಗರ ಪ್ರಶ್ನೆಗಳನ್ನು ವಾಟ್ಸಾಪ್ ಧ್ವನಿ ಸಂದೇಶವಾಗಿ ತರಿಸಿ, ಊರಿನ ಹೆಸರು ಸೇರಿಸಿ ಅರ್ಧ ನಿಮಿಷದೊಳಗೆ ಹೇಳಲು ತಿಳಿಸಿ. ಧ್ವನಿ ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ, ಹೊಳೆನರಸೀಪುರದಿಂದಲೋ ಆಲೂರಿನಿಂದಲೋ ಬಂದ ಪ್ರಶ್ನೆಗೆ ಅತಿಥಿ ಕೊಡುವ ಉತ್ತರ ತಾನಾಗಿ ಸರಳವಾಗುತ್ತದೆ.

ನಲವತ್ತು ನಿಮಿಷ ರೆಕಾರ್ಡ್ ಮಾಡಿ 28ಕ್ಕೆ ಇಳಿಸಿ. ಮೊದಲ ನಿಮಿಷದಲ್ಲೇ ಪ್ರಶ್ನೆ ಬರಲಿ, ಪರಿಚಯ ಎರಡು ವಾಕ್ಯ ಮೀರದಿರಲಿ. ಪ್ರಸಾರಕ್ಕೆ ಮೋನೋ (ಒಂದೇ ಚಾನೆಲ್ಲಿನ ಧ್ವನಿ) ಕೊಡಿ, ಸಿಗ್ನಲ್ ಸೊರಗಿದ ಕಡೆ ಸ್ಟೀರಿಯೋ ಎಫ್‌ಎಂ ಹೆಚ್ಚು ಭುಸುಗುಡುತ್ತದೆ. ಕಾಲೇಜಿನಂಥ ಸಂಸ್ಥೆಗಳು ನಡೆಸುವ ಸಮುದಾಯ ರೇಡಿಯೋಗೆ ಸಾಮಾನ್ಯವಾಗಿ ಸಿಗುವ ಪ್ರಸಾರ ಸಾಮರ್ಥ್ಯ 100 ವ್ಯಾಟ್, ಗುಡ್ಡದಾಚೆಗೆ ಅದು ಸೊರಗಿಯೇ ತಲುಪುತ್ತದೆ.

ಪರೀಕ್ಷೆಯ ವಾರಗಳಿಗೆಂದು ಯಾವ ಹಂಗಾಮಿಗೂ ಸಲ್ಲುವ ಎರಡು ಕಂತು ಸಿದ್ಧವಿಟ್ಟಿರಿ. ಪ್ರಸಾರವಾದ ಪ್ರತಿ ಕಂತನ್ನೂ ಮೂರು ತಿಂಗಳು ಕಾಪಿಡುವುದು ಪರವಾನಗಿಯ ಷರತ್ತು, ಹಾಗಾಗಿ ಫೈಲಿನ ಹೆಸರಿನ ಮೊದಲಿಗೇ ಪ್ರಸಾರದ ದಿನಾಂಕ ಹಾಕಿ.