ಸಣ್ಣ ಮೇಣದ ಪತಂಗ: ಗುರುತು ಹಿಡಿದು ದಾಖಲಿಸುವ ನನ್ನ ಕ್ರಮ

ಬೂದು ಬಣ್ಣದ ಪುಟ್ಟ ಪತಂಗಗಳು ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ಜೇನುಗೂಡಿನ ಎರಿಯಲ್ಲಿ, ಅಂದರೆ ಮೇಣದ ಹಲ್ಲೆಯಲ್ಲಿ, ಹುಳುವಾಗಿ ಬೆಳೆಯುವ ಅಕ್ರೋಯಾ ಗ್ರಿಸೆಲ್ಲಾ ಎಂಬ ಸಣ್ಣ ಮೇಣದ ಪತಂಗವನ್ನು ಹುಡುಕುವಾಗ ನಾನು ರೆಕ್ಕೆಗಿಂತ ಮೊದಲು ತಲೆ ನೋಡುತ್ತೇನೆ. ಮೈಯೆಲ್ಲ ಬೆಳ್ಳಿಬೂದು, ರೆಕ್ಕೆಯಲ್ಲಿ ಚುಕ್ಕೆಯಿಲ್ಲ, ಪಟ್ಟೆಯಿಲ್ಲ. ತಲೆ ಮಾತ್ರ ಅರಿಸಿನ ಮೆತ್ತಿದಂತೆ ಹಳದಿ. ರೆಕ್ಕೆ ಮಡಿಸಿ ಕೂತಾಗ ಉದ್ದ ಸುಮಾರು 10ರಿಂದ 13 ಮಿ.ಮೀ. ಕೆಣಕಿದರೆ ಹಾರುವುದಕ್ಕಿಂತ ಓಡುವುದೇ ಹೆಚ್ಚು: ಎರಿಯ ಮೇಲೆ ಸರ್ರನೆ ಓಡಿ ಚೌಕಟ್ಟಿನ ಸಂದಿಗೆ ನುಗ್ಗಿಬಿಡುತ್ತದೆ.

ಎಡವಟ್ಟಾಗುವುದು ದೊಡ್ಡ ಮೇಣದ ಪತಂಗದ ಜೊತೆ. ಮರಿಹುಳುವಿಗೆ ಆಹಾರ ಸಾಲದಿದ್ದರೆ ಅದೂ ಕುಳ್ಳಾಗಿಯೇ ಉಳಿಯುತ್ತದೆ; ಬರೀ ಅಳತೆ ನಂಬಿ ಹೆಸರು ಬರೆಯಬಾರದು. ಅದರ ಮುಂರೆಕ್ಕೆಯಲ್ಲಿ ಕಂದು ಕಲೆಗಳಿರುತ್ತವೆ, ಗಂಡಿನಲ್ಲಂತೂ ರೆಕ್ಕೆಯ ತುದಿಯಂಚು ಒಳಕ್ಕೆ ಕಚ್ಚು ಹಾಕಿದಂತಿರುತ್ತದೆ. ಸಣ್ಣದರ ಅಂಚು ನಯವಾದ ದುಂಡು. ಹಳೆಯ ಪತಂಗದ ತಲೆಯ ಪುಡಿ ಉದುರಿ ಹಳದಿಯೇ ಕಾಣದಿದ್ದಾಗ ಈ ಅಂಚೇ ಆಧಾರ.

ಹಾಳಾಗದ ಮಾದರಿ ಬೇಕೆಂದರೆ ಸಾಕುವುದೇ ಮೇಲು. ಜೇನುಮರಿಗಳು ಬೆಳೆದು ಕಪ್ಪಾದ ಹಳೆಯ ಎರಿಯಲ್ಲಿ ಪತಂಗದ ಹುಳು ಕಂಡರೆ ಅಂಗೈಯಗಲದ ತುಂಡು ಕತ್ತರಿಸಿ, ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, 28ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕತ್ತಲಲ್ಲಿಡುತ್ತೇನೆ. ಬಟ್ಟೆ ಕಟ್ಟಿದರೆ ಹುಳು ಕೊರೆದು ಹೊರಬರುತ್ತದೆ. ಸಣ್ಣ ಕಣ್ಣಿನ ಲೋಹದ ಜಾಲರಿಯೇ ಬೇಕು. ತುಂಡಿನಲ್ಲಿ ಜೇನುತುಪ್ಪ ಉಳಿದಿದ್ದರೆ ತೇವ ಕೂತು ಬೂಸ್ಟು ಹಿಡಿಯುತ್ತದೆ, ಅದನ್ನು ಮೊದಲೇ ತೆಗೆಯಬೇಕು. ಪತಂಗ ಹೊರಬಂದ ದಿನವೇ ಭರಣಿ ಸಮೇತ ಫ್ರೀಜರ್‌ಗೆ. ಪ್ರೌಢ ಪತಂಗ ಏನನ್ನೂ ತಿನ್ನುವುದಿಲ್ಲ, ಬದುಕುವುದೇ ಸುಮಾರು ಒಂದು ವಾರ. ಒಂದೆರಡು ದಿನ ತಡವಾದರೂ ರೆಕ್ಕೆ ಸವೆದಿರುತ್ತದೆ.

ಎಲ್ಲೆಲ್ಲಿದೆ ಎಂದು ತಿಳಿಯಲು ಪತಂಗಗಳನ್ನು ಸೆಳೆಯುವ ದೀಪದ ಪರದೆ ಕಟ್ಟಿ ಕೂರುವುದು ಸಾಲದು, ಮೇಣದ ಜಾಡು ಹಿಡಿಯಬೇಕು. ಜೇನುಪೆಟ್ಟಿಗೆ, ಹಳೆಯ ಎರಿಗಳ ಸಾಗಾಟದೊಂದಿಗೇ ಇದು ಜೇನುಸಾಕಣೆಯಿರುವ ಬಹುತೇಕ ಪ್ರದೇಶಗಳಿಗೆ ಹರಡಿದೆ. ಈ ಹರಡುವಿಕೆಗೆ ಅಡ್ಡಿಯಾಗುವುದು ದೀರ್ಘಕಾಲದ ಹೆಪ್ಪುಗಟ್ಟುವ ಚಳಿ. ಹಾಗಾಗಿ ದುರ್ಬಲ ಜೇನು ಕುಟುಂಬಗಳಿರುವ ಪೆಟ್ಟಿಗೆಯ ತಳಹಲಗೆಯ ಕಸ, ಖಾಲಿ ಪೆಟ್ಟಿಗೆ, ಎರಿ ಪೇರಿಸಿಟ್ಟ ಕೋಣೆ, ಈ ಮೂರನ್ನು ತಪ್ಪದೆ ನೋಡುತ್ತೇನೆ. ರಾತ್ರಿ ಗೂಡಿನ ಸುತ್ತ ಗಂಡು ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತ, ನಮ್ಮ ಕಿವಿಗೆ ನಿಲುಕದ ಶಬ್ದದಿಂದ ಹೆಣ್ಣನ್ನು ಕರೆಯುತ್ತದೆ. ಟಾರ್ಚ್ ಬೆಳಕಿಗೆ ಆ ಅದುರು ಚೆನ್ನಾಗಿ ಕಾಣುತ್ತದೆ.

ಚೀಟಿಯಲ್ಲಿ ದಿನಾಂಕ, ಸ್ಥಳ, ಎತ್ತರದ ಜೊತೆಗೆ ಪೆಟ್ಟಿಗೆ ಎಲ್ಲಿಂದ, ಯಾವಾಗ ಬಂತೆಂದೂ ಬರೆಯುತ್ತೇನೆ. ಕಳೆದ ತಿಂಗಳಷ್ಟೇ ಬೇರೆಡೆಯಿಂದ ತಂದ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಆ ಊರಿನ ಪತಂಗವೆಂದು ನಕ್ಷೆಗೆ ಸೇರಿಸುವಂತಿಲ್ಲ.